ವಿಮಾನಕ್ಕೆ ಎಥನಾಲ್ ಬೆರೆಸದ ಪೆಟ್ರೋಲು ಹುಡುಕುವುದು ಹೇಗೆ?

ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್ ಕಡೆ ಹಳೇ ಸೆಸ್ನಾ 150 ಎಂಬ ಎರಡು ಸೀಟಿನ ಪುಟ್ಟ ವಿಮಾನ ಇಟ್ಟುಕೊಂಡವರು ಶನಿವಾರ ಬೆಳಿಗ್ಗೆ ಡಬ್ಬಿ ಹಿಡಿದು ಪೆಟ್ರೋಲಿಗೆ ಅಲೆಯುತ್ತಾರೆ. ವಿಮಾನ ನಿಲ್ದಾಣದಲ್ಲಿ ಸಿಗುವ ವಿಮಾನದ ಪೆಟ್ರೋಲಾದ 100 ಎಲ್‌ಎಲ್ ದುಬಾರಿ, ಸಾಲದ್ದಕ್ಕೆ ಸೀಸ ಬೆರೆತದ್ದು. ಕಾರಿನ ಪೆಟ್ರೋಲಾದರೂ ಆದೀತು. ಆದರೆ ಅಲ್ಲಿನ ಬಹುತೇಕ ಬಂಕುಗಳಲ್ಲಿ ಅದಕ್ಕೆ ಶೇ 10ರಷ್ಟು ಎಥನಾಲ್ ಸೇರಿರುತ್ತದೆ. ಎಥನಾಲ್ ಹಳೇ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ, ನೀರು ಹೀರುತ್ತದೆ. ಮೇಲೆ ಹೋಗಿ ಥಂಡಿಯಾದಾಗ ಆ ನೀರಿನ ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಎಂಜಿನ್ನು ಕುಡಿಯುವುದೂ ಆ ತಳದಿಂದಲೇ.

ಮೊದಲು ಕಾಗದಪತ್ರ. ಕಾರಿನ ಪೆಟ್ರೋಲಿಗೆ ಎಸ್‌ಟಿಸಿ ಎಂಬ ಅನುಮತಿ ಬೇಕು. ಹವ್ಯಾಸಿ ವಿಮಾನ ಹಾರಾಟಗಾರರ ಇಎಎ ಸಂಸ್ಥೆ 1982ರಲ್ಲಿ ಮೊಟ್ಟಮೊದಲು ಇದನ್ನು ಪಡೆದದ್ದು ಸೆಸ್ನಾ 150ಕ್ಕೇ. ಎಥನಾಲ್ ಕೂಡದು ಎಂದು ಅದರಲ್ಲೇ ಬರೆದಿದೆ. ಆಕ್ಟೇನ್ (ಎಂಜಿನ್ನಿನಲ್ಲಿ ಬಡಿತ ತಡೆಯುವ ಗುಣದ ಅಳತೆ) ಎಷ್ಟಿರಬೇಕೆಂಬುದೂ ಅದರಲ್ಲೇ ಇದೆ: ಹಳೇ 80 ಆಕ್ಟೇನಿನ ಎಂಜಿನ್ನಿಗೆ ಪಂಪಿನ ಮೇಲಿನ 87 ಸಾಕು, ಕಂಪ್ರೆಷನ್ ಜಾಸ್ತಿಯಿದ್ದರೆ 91.

ಬಂಕು ಹುಡುಕಲು ಪ್ಯೂರ್-ಗ್ಯಾಸ್ ಎಂಬ ಪಟ್ಟಿ ಇಂಟರ್ನೆಟ್ಟಿನಲ್ಲಿದೆ. ನಾನಂತೂ ಕೆರೆ ದಂಡೆಯ ಊರುಗಳ ದಾರಿ ಹಿಡಿಯುತ್ತೇನೆ. ದೋಣಿ, ಹಿಮದ ಮೇಲೋಡುವ ಸ್ನೋಮೊಬೈಲ್ ಇರುವಲ್ಲಿ ಈ ಪೆಟ್ರೋಲಿಗೆ ಗಿರಾಕಿ ಇದ್ದೇ ಇರುತ್ತಾರೆ. ಮಿನೆಸೋಟಾದಲ್ಲಿ ಪಂಪಿನ ಮೇಲೆ ‘ನಾನ್-ಆಕ್ಸಿಜನೇಟೆಡ್’ ಎಂದಿರುತ್ತದೆ, ಫ್ಲಾರಿಡಾದಲ್ಲಿ ‘ರೆಕ್-90’.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಬೋರ್ಡು ನೋಡಿ ತುಂಬಿಸಿಕೊಂಡು ಬಂದುಬಿಡುತ್ತಾರೆ. ನಾನೂ ಹಾಗೆ ತಂದಿದ್ದೆ, ಒಂದಲ್ಲ, ನಾಲ್ಕು ಡಬ್ಬಿ. ಬಂಕಿನವರು ಪೆಟ್ರೋಲು ಬದಲಿಸಿದ್ದರು, ಚೀಟಿ ಬದಲಿಸಿರಲಿಲ್ಲ. ಅದಕ್ಕೇ ಪ್ರತಿ ಸಲವೂ ನೀರಿನ ಪರೀಕ್ಷೆ ಮಾಡಿ.

ಉದ್ದನೆಯ, ಸಪೂರ ಗಾಜಿನ ಅಳತೆ ಕೊಳವೆ ಬೇಕು. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯಲ್ಲಿ ಮಟ್ಟ ಏರಿದ್ದು ಕಣ್ಣಿಗೇ ಬೀಳುವುದಿಲ್ಲ. ಮೊದಲು 10 ಮಿಲಿ ನೀರು ಹಾಕಿ, ಗೆರೆ ಎಳೆಯಿರಿ. ಪೆಟ್ರೋಲು ಹಾಕಿದ ಮೇಲೆ ಗೆರೆ ಎಳೆಯುವವರನ್ನು ಕಂಡಿದ್ದೇನೆ; ಅವರಿಗೆ ಯಾವ ಪೆಟ್ರೋಲೂ ಚೊಕ್ಕವೇ! ನೀರಿಗೆ ಒಂದು ತೊಟ್ಟು ಅಡುಗೆ ಬಣ್ಣ ಬಿಡಿ. ಬಣ್ಣ ಪೆಟ್ರೋಲಿಗೆ ಹತ್ತುವುದಿಲ್ಲ, ಮಟ್ಟ ಎದ್ದು ಕಾಣುತ್ತದೆ. ಈಗ 100ರವರೆಗೆ ಪೆಟ್ರೋಲು ತುಂಬಿ, ಬಿರಡೆ ಹಾಕಿ, ಚೆನ್ನಾಗಿ ಕುಲುಕಿ. ಸಮತಟ್ಟಾದ ಜಾಗದಲ್ಲಿಟ್ಟು ಹತ್ತು ನಿಮಿಷ ಮುಟ್ಟಬೇಡಿ. ನಡುವೆ ಮಸುಕಾಗಿ ನಿಂತ ಪದರ ಪೂರ್ತಿ ಕರಗಿದ ಮೇಲೆ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಬಣ್ಣದ ನೀರು 10ರಲ್ಲೇ ನಿಂತಿದ್ದರೆ ಸರಿ. 18ರ ಹತ್ತಿರಕ್ಕೇರಿದ್ದರೆ ಎಥನಾಲ್ ನೀರಿಗಿಳಿದಿದೆ ಎಂದರ್ಥ. ಸ್ವಲ್ಪವೇ ಏರಿದ್ದರೂ ನಾನು ಒಲ್ಲೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ತನ್ನ ಬೈಕಿನ ಇ20 (ಶೇ 20 ಎಥನಾಲ್ ಇರುವ) ಪೆಟ್ರೋಲಿಗೆ ಇದನ್ನೇ ಮಾಡಿ ನೋಡಿದ. ನೀರಿನ ಮಟ್ಟ 25 ದಾಟಿತಂತೆ.

‘ಹಾಗಾದರೆ ನೀರು ಹಾಕಿಯೇ ಎಥನಾಲ್ ತೆಗೆದುಬಿಡೋಣ’ ಎನ್ನುವ ಜಾಣರಿದ್ದಾರೆ. ಬೇಡ. ಕಂಪನಿಯವರು ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಎಥನಾಲ್ ಕೂಡಿಸಿಯೇ 87 ಮಾಡಿರುತ್ತಾರೆ. ಅದನ್ನು ತೆಗೆದರೆ ಉಳಿಯುವುದು ಎಂಜಿನ್ನಿನಲ್ಲಿ ಬಡಿತ (ನಾಕಿಂಗ್) ಎಬ್ಬಿಸುವ ಸರಕು. ಅಂಗಡಿಯಲ್ಲಿ ಮಾರುವ ‘ಎಥನಾಲ್ ಟ್ರೀಟ್‌ಮೆಂಟ್’ ಶೀಶೆಗಳೂ ಅಷ್ಟೆ, ಎಥನಾಲನ್ನು ತೆಗೆಯುವುದಿಲ್ಲ.

ತುಂಬಿಸುವಾಗ ಡಬ್ಬಿಯನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಿ, ಇಲ್ಲದಿದ್ದರೆ ಸ್ಥಾಯೀವಿದ್ಯುತ್ತಿನ ಕಿಡಿ ಹಾರೀತು. ಎಲ್ಲ ದರ್ಜೆಗೂ ಒಂದೇ ಪೈಪಿದ್ದರೆ ಹಿಂದಿನವರ ಪೆಟ್ರೋಲು ಅದರಲ್ಲಿ ಉಳಿದಿರುತ್ತದೆ. ಮೊದಲ ಗ್ಯಾಲನ್ ಕಾರಿಗೆ ಹೋಗಲಿ.

ಚಳಿಗಾಲದ ಪೆಟ್ರೋಲು ಬೇಗ ಆವಿಯಾಗುವಂತೆ ಮಾಡಿದ್ದು. ಫೆಬ್ರವರಿಯಲ್ಲಿ ತುಂಬಿಟ್ಟದ್ದನ್ನು ಮೇ ತಿಂಗಳ ಬಿಸಿಲಿಗೆ ವಿಮಾನಕ್ಕೆ ಸುರಿದರೆ ಪೈಪಿನಲ್ಲೇ ಆವಿ ಕಟ್ಟಿ ಎಂಜಿನ್ ನಿಂತೀತು. ನನ್ನಲ್ಲಿ ಹಾಗೆ ಉಳಿದದ್ದೆಲ್ಲ ಹುಲ್ಲು ಕತ್ತರಿಸುವ ಯಂತ್ರದ ಪಾಲು.