ಒತ್ತಕ್ಷರದ ಹತ್ರ ನಿಂತು ಹೋಗ್ತಿದ್ದ ಮಕ್ಕಳು

ಮುಂಬೈನಲ್ಲಿ ಕನ್ನಡ ಮಾಧ್ಯಮದ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತೀನಿ. ಮಕ್ಕಳು ಹೆಚ್ಚಿನವ್ರು ಕಲಬುರಗಿ, ಯಾದಗಿರಿ ಕಡೆಯವ್ರು, ಅಪ್ಪ ಅಮ್ಮ ಬಿಲ್ಡಿಂಗ್ ಕೆಲಸಕ್ಕೆ ಹೋಗ್ತಾರೆ, ಗಲ್ಲಿಲಿ ಹಿಂದಿ, ಮನೇಲಿ ಅವರೂರ ಕನ್ನಡ, ಕೆಲವರ ಮನೇಲಿ ಲಂಬಾಣಿ. ಎಷ್ಟೋ ವರ್ಷ ಪೋರ್ಷನ್ ಮುಗಿಸೋದೇ ಪಾಠ ಅಂದ್ಕೊಂಡಿದ್ದೆ, ಎಲ್ರೂ ಸೇರಿ ಜೋರಾಗಿ ಓದ್ತಿದ್ರೆ ಸಾಕು ಅನ್ಸ್ತಿತ್ತು.

ಒಂದ್ ಜೂನಲ್ಲಿ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಓದ್ಸಿದೆ, ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋ ಅಸರ್ ಸರ್ವೆಲಿ ಮಾಡೋ ಹಾಗೆ ಅಕ್ಷರ, ಪದ, ಚಿಕ್ಕ ಪ್ಯಾರಾ, ಆಮೇಲೆ ಎರಡನೇ ಕ್ಲಾಸ್ ಮಟ್ಟದ ಒಂದು ಕತೆ. 31 ಮಕ್ಕಳಲ್ಲಿ ಕತೆ ಓದಿದ್ದು 9 ಜನ. ಒಬ್ಬ ಹುಡುಗ ಪದ್ಯ ಪೂರ್ತಿ ಹೇಳ್ದ, ಬೆರಳು ಮಾತ್ರ ಬೇರೆ ಸಾಲಿನ ಮೇಲಿತ್ತು. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ನಮ್ಮ ಮುಂಬೈನಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆ ಬಾಲಸಖಿ ಅಂತ ಒಂದು ಕೆಲಸ ಮಾಡಿತ್ತು. ಹಿಂದೆ ಬಿದ್ದ 15-20 ಮಕ್ಕಳನ್ನ ದಿನಾ 2 ಗಂಟೆ ಅದೇ ಏರಿಯಾದ ಒಬ್ಬ ಹುಡುಗಿ ಬೇರೆ ಕೂರಿಸಿ ಕಲಿಸೋದು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತೆ ಅವರ ಜೊತೆಯವರು ಮುಂಬೈ, ವಡೋದರದ ಶಾಲೆಗಳಲ್ಲಿ ಇದನ್ನ ಪರೀಕ್ಷೆ ಮಾಡಿ 2007ರಲ್ಲಿ ಬರೆದ್ರು. ಹೊರಗೆ ಕೂತು ಕಲಿತ ಮಕ್ಕಳು ಚೆನ್ನಾಗಿ ಮುಂದೆ ಬಂದ್ರು, ಆದ್ರೆ ಕ್ಲಾಸಲ್ಲೇ ಉಳಿದವರಿಗೆ, ಸಂಖ್ಯೆ ಕಮ್ಮಿ ಆದ್ರೂ, ಅಂಥ ಲಾಭ ಕಾಣ್ಲಿಲ್ಲ. ನಂಗೆ ನಾಟಿದ್ದು ಇದೇ. ಕ್ಲಾಸಲ್ಲಿ ಮಕ್ಕಳು ಜಾಸ್ತಿ, ಅದಕ್ಕೇ ಓದು ಬರಲ್ಲ ಅಂತ ನಾನು ಹೇಳ್ಕೊಂಡು ಬಂದಿದ್ದು ಪೂರ್ತಿ ಉತ್ತರ ಅಲ್ಲ.

ಮೊದ್ಲು ಶಾಲೆ ಬಿಟ್ಟ ಮೇಲೆ ಕರೆದೆ, ಯಾರೂ ನಿಲ್ಲಲಿಲ್ಲ, ತಮ್ಮ ತಂಗೀನ ನೋಡ್ಕೋಬೇಕಲ್ಲ. ಆಮೇಲೆ ಹೆಡ್ ಟೀಚರ್‌ನ ಕೇಳ್ಕೊಂಡು ದಿನದ ಮೊದಲ ಒಂದು ಗಂಟೆ ಇದಕ್ಕೇ ಇಟ್ವಿ, ಮೂರು ನಾಲ್ಕು ಐದನೇ ಕ್ಲಾಸ್ ಮಕ್ಕಳನ್ನ ಒಟ್ಟಿಗೆ ಸೇರಿಸಿ, ಓದೋ ಮಟ್ಟ ನೋಡಿ ಮೂರು ಗುಂಪು, ಮೂರು ಟೀಚರ್. ದೊಡ್ಡವರು ಚಿಕ್ಕವರು ಎಲ್ಲ ಗುಂಪಲ್ಲೂ ಇದ್ದಿದ್ರಿಂದ ನಾಚಿಕೆ ಬೇಗ ಬಿಡ್ತು.

ಕಾಗುಣಿತ ತನಕ ಬಂದವ್ರು ಒತ್ತಕ್ಷರ ಸಿಕ್ಕಿದ್ ಕೂಡ್ಲೆ ನಿಂತ್ಬಿಡೋರು, "ಇದು ಬರಂಗಿಲ್ರೀ ಟೀಚರ್" ಅಂತ. ಪುಸ್ತಕ ಮುಚ್ಚಿಟ್ಟು ಅವರ ಬಾಯಲ್ಲಿರೋ ಪದನೇ ಕಾರ್ಡ್ ಮೇಲೆ ಬರೆದೆ. ಅವ್ವ, ಅಪ್ಪ, ರೊಟ್ಟಿ, ಅಂದ್ರೆ ಅದೇ ಅಕ್ಷರದ ಒತ್ತು ಮೊದ್ಲು. ಆಮೇಲೆ ರಸ್ತೆ, ಬಸ್ತಿ. ಆಮೇಲೆ "ಅವ್ವ ಸಂತಿಗಿ ಹೋಗ್ಯಾಳ". ಪುಸ್ತಕದಲ್ಲಿ "ಹೋಗಿದ್ದಾಳೆ" ಅಂತಿರುತ್ತೆ, ಅದನ್ನ ಪಕ್ಕದಲ್ಲೇ ಬರೆದು ತೋರಿಸ್ದೆ, ಅವರ ಮಾತನ್ನ ತಪ್ಪು ಅಂತ ಒಂದ್ ಸಲನೂ ಅನ್ಲಿಲ್ಲ. ಅರ್ಕಾವತ್ತು ಕೊನೆಗೆ. ದೀಪಾವಳಿ ಹೊತ್ತಿಗೆ ಒಬ್ಬಳು "ಮಹಾರಾಷ್ಟ್ರ" ಅಂತ ತಾನೇ ಓದಿ, ಕೆಳಗಿನ ಎರಡೂ ಒತ್ತು ಬೆರಳಲ್ಲಿ ತೋರಿಸಿ ನನ್ನ ಮುಖ ನೋಡಿದ್ಲು.

15 ದಿನಕ್ಕೊಂದ್ ಸಲ ಮತ್ತೆ ಒಬ್ಬೊಬ್ಬರದೇ ಓದು ಕೇಳಿ ಗುಂಪು ಬದಲಾಯಿಸ್ತಿದ್ವಿ, ಇದನ್ನ ಬಿಟ್ರೆ ಆ ಗುಂಪೇ ಮಗುವಿಗೆ ಹಣೆಪಟ್ಟಿ ಆಗ್ಬಿಡುತ್ತೆ. ಫೆಬ್ರವರಿಲಿ ನನ್ನ ಕ್ಲಾಸಿನ 22 ಮಕ್ಕಳು ಕತೆ ಓದಿದ್ರು. 4 ಜನ ಇನ್ನೂ ಪದದಲ್ಲೇ ಇದ್ರು, ಅವರಲ್ಲಿ ಇಬ್ರು ತೊಗರಿ ರಾಶಿಗೆ ಅಂತ ಮನೆಯವರ ಜೊತೆ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವ್ರು. ಈಗ ಊರಿಗೆ ಹೊರಟ ಮಗುವಿನ ಚೀಲಕ್ಕೆ ಒಂದು ಕಟ್ಟು ಕಾರ್ಡ್ ಹಾಕಿ ಕಳಿಸ್ತೀನಿ, ಅಲ್ಲಿ ಅಜ್ಜಿಗೆ ಓದಿ ಹೇಳು ಅಂತ.