ಪುಷ್ಯ ಮಳೆಯಲ್ಲಿ ಏರಿದ ನೀರಿನ ಮಟ್ಟ

ತೀರ್ಥಹಳ್ಳಿ ಸಮೀಪದ ಗುಡ್ಡದ ಮೇಲಿರುವ ಟ್ಯಾಂಕಿಗೆ ಅಳತೆಪಟ್ಟಿ ಇಳಿಬಿಟ್ಟಾಗ ನೀರು 2.50 ಮೀಟರ್ ಇತ್ತು. ಗುಡ್ಡದ ಬುಡದ ಪಂಪ್‌ಹೌಸಿನ ಪರದೆ ಮಾತ್ರ 2.85 ಮೀಟರ್ ತೋರಿಸುತ್ತಿತ್ತು. ಹೀಗಾಗಿ ಟ್ಯಾಂಕು ತುಂಬುವ ಮೊದಲೇ ಪಂಪು ನಿಲ್ಲುತ್ತಿತ್ತು, ಮೇಲಿನ ಕೇರಿಗೆ ಸಂಜೆ ನೀರು ಸಾಲುತ್ತಿರಲಿಲ್ಲ. ಹೊರಗೆ ಪುಷ್ಯ ಮಳೆ ಧೋ ಎಂದು ಸುರಿಯುವಾಗ ನಲ್ಲಿ ಒಣಗಿದ್ದರ ಬಗ್ಗೆ ಅಲ್ಲಿನವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಮೊದಲು ನಾನು ಸಂಶಯಪಟ್ಟಿದ್ದು ಪಂಪಿನ ವಿಎಫ್‌ಡಿಯನ್ನು, ಅಂದರೆ ಮೋಟಾರಿನ ವೇಗ ಹೊಂದಿಸುವ ಸಾಧನವನ್ನು; ಅದರ ವಿದ್ಯುತ್ ಗದ್ದಲ ಪಕ್ಕದ ತಂತಿಗಳಿಗೂ ತಗಲಬಹುದು. ಪವರ್ ಕೇಬಲ್ಲಿನಿಂದ ಸಿಗ್ನಲ್ ಕೇಬಲ್ಲನ್ನು ದೂರ ಸರಿಸಿ, ಎರಡೂ ತುದಿಗಳಲ್ಲಿ ಅರ್ತ್ ಆಗಿದ್ದ ಶೀಲ್ಡನ್ನು (ಗದ್ದಲ ತಡೆಯುವ ಲೋಹದ ಹೊದಿಕೆಯನ್ನು) ಪಂಪ್‌ಹೌಸಿನ ಪ್ಯಾನೆಲ್ ಕಡೆ ಮಾತ್ರ ಅರ್ತ್‌ಗೆ ಉಳಿಸಿದೆ. ಅರ್ಧ ದಿನ ಹೋಯಿತು, ಅಂಕಿ ಕದಲಲಿಲ್ಲ. ವಿಎಫ್‌ಡಿಯ ಗದ್ದಲವಾಗಿದ್ದರೆ ಅಂಕಿ ಕುಣಿಯಬೇಕಿತ್ತು. ನಮ್ಮದು ಕಲ್ಲಿನಂತೆ ನಿಂತಿತ್ತು. ಅದನ್ನು ಆಗಲೇ ಗಮನಿಸಬೇಕಿತ್ತು.

ಅಲ್ಲಿ ಇದ್ದದ್ದು ನೀರಿನೊಳಗೆ ಮುಳುಗಿರುವ ಎರಡು ತಂತಿಯ ಲೆವೆಲ್ ಟ್ರಾನ್ಸ್‌ಮಿಟರ್, ಅಂದರೆ ನೀರಿನ ಮಟ್ಟವನ್ನು ಕರೆಂಟಿನ ಅಳತೆಯಾಗಿ ತಿಳಿಸುವ ಸೆನ್ಸಾರ್: ಸೊನ್ನೆಯಿಂದ 5 ಮೀಟರಿಗೆ 4ರಿಂದ 20 ಮಿಲಿಆಂಪಿಯರ್. ಆ ಲೆಕ್ಕದಲ್ಲಿ 2.50 ಮೀಟರಿಗೆ ಸರಿಯಾಗಿ 12 ಬರಬೇಕು. ಪ್ಯಾನೆಲಿನಲ್ಲಿ ತಂತಿ ಬಿಡಿಸಿ ಕರೆಂಟು ಅಳೆಯುವ ಮೀಟರನ್ನು ಸರಣಿಯಲ್ಲಿ ಸೇರಿಸಿದಾಗ 13.12 ಬಂತು. ಬೇಕಾದಷ್ಟೇ ಕರೆಂಟು ಕೊಡುವ ಕ್ಯಾಲಿಬ್ರೇಟರಿನಿಂದ 12 ಕೊಟ್ಟರೆ ಪರದೆ 2.50 ಎಂದೇ ತೋರಿಸಿದ್ದರಿಂದ ಪಿಎಲ್‌ಸಿಯ (ಪಂಪನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನ) ಸಿಗ್ನಲ್ ಓದುವ ಕಾರ್ಡ್ ನಿರ್ದೋಷಿ ಎಂದಾಯಿತು. ಇಂಬಳ ಹತ್ತುವ ಹಾದಿಯಲ್ಲಿ ಮತ್ತೆ ಗುಡ್ಡವೇರಿ, ಸೆನ್ಸಾರಿನ ತಂತಿ ಕೇಬಲ್ಲಿಗೆ ಕೂಡುವ ಜಂಕ್ಷನ್ ಬಾಕ್ಸಿನಲ್ಲಿ ಸೆನ್ಸಾರ್ ಕಡೆಯ ತಂತಿಯಲ್ಲಿ ಅಳೆದೆ. ಅಲ್ಲಿ 12.00!

ಅಂದರೆ ಟ್ರಾನ್ಸ್‌ಮಿಟರ್ ಬಿಟ್ಟುಕೊಟ್ಟದ್ದಕ್ಕಿಂತ 1.12 ಮಿಲಿಆಂಪಿಯರ್ ಹೆಚ್ಚು ಕರೆಂಟು ಬೇರೆ ದಾರಿಯಲ್ಲಿ ಹರಿದು ಪ್ಯಾನೆಲಿಗೆ ಸೇರುತ್ತಿತ್ತು. ಬಾಕ್ಸಿನ ಟರ್ಮಿನಲ್‌ಗಳ ನಡುವೆ ಸುಮಾರು 20 ವೋಲ್ಟ್ ಇದ್ದುದರಿಂದ, ಆ ಕಳ್ಳದಾರಿಯ ರೋಧ 18 ಕಿಲೋಓಮ್ ಆಸುಪಾಸು. ತಂತಿ ತುಂಡಾಗಿದ್ದರೆ ಕರೆಂಟು 3.6ಕ್ಕಿಂತ ಕೆಳಗಿಳಿದು ಅಲಾರಂ ಕೂಗುತ್ತಿತ್ತು. ಸೋರಿಕೆ ಹಾಗಲ್ಲ, ಸಿಗ್ನಲ್ 4 ಮತ್ತು 20ರ ನಡುವೆಯೇ ಉಳಿಯುವುದರಿಂದ ಸುಳ್ಳು ಅಂಕಿಯೂ ಸಾಚಾ ಎನಿಸಿಬಿಡುತ್ತದೆ.

ಬಾಕ್ಸಿನೊಳಗೆ ಕೇಬಲ್ಲನ್ನು ಬಿಗಿಯಾಗಿ ಬಿಡುವ ಗ್ಲ್ಯಾಂಡುಗಳು ಮೇಲ್ಮುಖವಾಗಿದ್ದವು, ಬಳಸದ ಒಂದು ತೂತಿಗೆ ಬಿರಡೆಯೇ ಇರಲಿಲ್ಲ. ತಳದಲ್ಲಿ ಉಗುರಿನಷ್ಟು ನೀರು, ಅದರ ಮೇಲೆ ಇರುವೆ ತಂದ ಮಣ್ಣು, ಎರಡು ಟರ್ಮಿನಲ್‌ಗಳ ನಡುವೆ ಹಾವಸೆಯಂಥ ಹಸಿರು ಕಿಲುಬು. ಕರೆಂಟಿನ ಕಳ್ಳದಾರಿ ಇದೇ. ಕೇಬಲ್ಲಿನ ಎರಡೂ ತುದಿ ಬಿಡಿಸಿ 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆಯಲ್ಲಿ ಕರೆಂಟು ಸೋರುತ್ತದೆಯೇ ಎಂದು ನೋಡುವ ಉಪಕರಣ) ಹಾಕಿದಾಗ ಕೇಬಲ್ ಗಟ್ಟಿಯಾಗಿಯೇ ಇತ್ತು. ತುದಿ ಬಿಡಿಸದೆ ಮೆಗ್ಗರ್ ಹಾಕಿ ಕಾರ್ಡ್ ಸುಟ್ಟವರನ್ನು ನಾನು ಕಂಡಿದ್ದೇನೆ.

ಪ್ರೋಗ್ರಾಮಿನಲ್ಲಿ 0.35 ಕಳೆದುಬಿಡಿ ಎಂದು ಮೊದಲು ಬಂದಿದ್ದವರು ಸಲಹೆ ಕೊಟ್ಟಿದ್ದರಂತೆ. ಬಿಸಿಲು ಬಿದ್ದ ಮಧ್ಯಾಹ್ನ ತಪ್ಪು 10 ಸೆಂಟಿಮೀಟರಿಗೆ ಇಳಿಯುತ್ತಿತ್ತು ಎಂದು ಆಪರೇಟರ್ ಹೇಳಿದ ಮೇಲೆ ಆ ಸಲಹೆಗೆ ಬೆಲೆ ಉಳಿಯಲಿಲ್ಲ. ಹೊಸ ಬಾಕ್ಸನ್ನು ಗ್ಲ್ಯಾಂಡುಗಳು ಕೆಳಮುಖವಾಗುವಂತೆ ಕೂರಿಸಿ, ಮಳೆನೀರು ಕೇಬಲ್ ಹಿಡಿದು ಒಳಗಿಳಿಯದಂತೆ ಕೇಬಲ್ಲನ್ನು ಕೆಳಗೆ ಬಳಸಿ ತಂದೆ. ಆಶ್ಲೇಷಾ ಮಳೆ ಹಿಡಿದ ಮೇಲೆ ಮತ್ತೆ ಹೋಗಿ ಎರಡೂ ಕಡೆ ಅಳೆದೆ: ಮೇಲೆ 14.40, ಕೆಳಗೆ 14.40.