ಮೀನಿಗಿಂತ ಮೊದಲು ಸಿಗಡಿ

ಮನೆಯಲ್ಲಿ ಕಡಲ ಮೀನಿನ ಅಕ್ವೇರಿಯಂ ಮಾಡಹೊರಟೆ. ಕಾಸರಗೋಡಿನವನಿಗೆ ಉಪ್ಪುನೀರಿಗೇನು ಬರ ಅಂದುಕೊಂಡು ಆಟಿ ತಿಂಗಳಲ್ಲಿ ಕಡಲಿನಿಂದಲೇ ಎರಡು ಕ್ಯಾನ್ ತುಂಬಿ ತಂದೆ. ಅಳೆದರೆ ಸಾಂದ್ರತೆ (ಉಪ್ಪು ಹೆಚ್ಚಿದಷ್ಟೂ ಏರುವ ಅಂಕಿ) ಬರೀ 1.015, ಬೇಕಾದದ್ದು 1.025! ಚಂದ್ರಗಿರಿ ಹೊಳೆ ಸೇರುವ ಕಡೆ ಮಳೆಗಾಲದಲ್ಲಿ ಕಡಲೂ ಸಪ್ಪೆಯೇ. ಚೆಲ್ಲಿದೆ. ಆರ್‌ಒ ನೀರಿಗೆ ಕಡಲ ಅಕ್ವೇರಿಯಂಗೆಂದೇ ಸಿಗುವ ಉಪ್ಪಿನ ಮಿಶ್ರಣ ಕಲಸಿ 1.025ಕ್ಕೆ ತಂದೆ.

ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಮೊದಲೇ ಬೆಳೆಯಲಿ ಎಂದು, ಮೀನಿನ ಬದಲು ಹಸಿ ಸಿಗಡಿಯೊಂದನ್ನು ಹಾಕಿದೆ (ಮನೆಯವರು ಮೂಗು ಮುಚ್ಚಿಕೊಂಡೇ ಓಡಾಡಿದರು). ಅದು ಕೊಳೆತು ಅಮೋನಿಯಾ 2 ಪಿಪಿಎಂ ಮುಟ್ಟಿದಾಗ ತೆಗೆದುಬಿಟ್ಟೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದಂತೆ ಅಮೋನಿಯಾ ಬೇಗ ಇಳಿಯಿತು. ಮೀನಿಗೆ ವಿಷವೇ ಆದ ನೈಟ್ರೈಟ್ ಮಾತ್ರ ಮೂರು ವಾರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ. ಅವು ಕೂತಿರುವ ಫಿಲ್ಟರ್ ತೊಳೆಯದೆ ಸುಮ್ಮನೆ ಕಾದೆ.

38ನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನಂಬಿಕೆಯಾಗದೆ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು ಮತ್ತೆ 2ಕ್ಕೆ ಏರಿಸಿದೆ. 24 ಗಂಟೆಯಲ್ಲಿ ಖಾಲಿ! ನೈಟ್ರೇಟ್ ತಗ್ಗಿಸಲು ಅರ್ಧ ನೀರು ಬದಲಿಸಿ, ಕ್ಲೌನ್ ಮೀನಿನ ಜೋಡಿ ಬಿಟ್ಟೆ.